ಕೋಣನಬ್ಬಿಗೆ ಹೋಗಿ ಬಂದ ಹಗ್ಗ

ನಾನು ಒಂದು ಹಗ್ಗ. ನೈಲಾನಿನದು. ತುಮಕೂರಿನ ಆಚೆಯ ಒಂದು ಶೆಡ್ಡಿನಲ್ಲಿ ಯಂತ್ರವೊಂದು ಮೂರು ಎಳೆಗಳನ್ನು ತಿರುಚಿ, ಹೆಬ್ಬೆರಳ ದಪ್ಪಕ್ಕೆ ಹೊಸೆದು, ನನ್ನನ್ನು ಹೊರಗೆ ಉಗುಳಿತು. ನನಗೆ ತಾಯಿ ಎಂದು ಯಾರಾದರೂ ಇದ್ದರೆ ಆ ಯಂತ್ರವೇ. ದಿನಕ್ಕೆ ಸಾವಿರಾರು ಮಾರು ಉಗುಳುವ ಯಂತ್ರಕ್ಕೆ ಯಾವ ಮಗುವಿನ ನೆನಪೂ ಇರುವುದಿಲ್ಲ. ಸುರುಳಿ ಸುತ್ತಿ, ಪ್ಲಾಸ್ಟಿಕ್ಕು ಹೊದಿಸಿ ಲಾರಿಗೆ ಎಸೆದರು. ಮೂಡಿಗೆರೆಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ, ಮೊಳೆಯ ಡಬ್ಬಗಳ ಮೇಲೆ, ನಾಲ್ಕು ತಿಂಗಳು ಕೂತಿದ್ದೆ.

ನನ್ನನ್ನು ಆರಿಸಿದವನು ಮಂಚಯ್ಯ. ಧಣಿ ಪೂರ್ಣೇಶ ಗೌಡರು ಅವನನ್ನು ಜೀಪಿನಲ್ಲಿ ಕೂರಿಸಿಕೊಂಡು ಬಂದಿದ್ದರು. ಅಂಗಡಿಯವನು ಹಸಿರು ಬಣ್ಣದ ಇನ್ನೊಂದು ಹಗ್ಗವನ್ನು ಹೊಗಳುತ್ತಿದ್ದ. ಮಂಚಯ್ಯ ಅದರ ಹುರಿ ಬಿಚ್ಚಿ ಒಳಗೆ ನೋಡಿ ಕೆಳಗಿಟ್ಟ. ನನ್ನ ಹುರಿ ಬಿಚ್ಚಿ ನೋಡಿದ.

"ಇದ್ನೇ ಕೊಡಿ," ಎಂದ.

"ಅದಕ್ಕೂ ಇದಕ್ಕೂ ಏನಯ್ಯಾ ವ್ಯತ್ಯಾಸ?" ಎಂದು ಗೌಡರು ಕೇಳಿದರು.

"ಮ್ಯಾಲೆ ಹೋಗೋನು ನಾನಲ್ವಾ ಧಣಿ. ನಂಗೆ ಗೊತ್ತಾಯ್ತದೆ."

ಮಂಚಯ್ಯನ ಕೆಲಸ ಮರಗಸಿ. ಕಾಫಿ ಗಿಡಕ್ಕೆ ನೆರಳು ಬೇಕು, ಆದರೆ ಮಳೆಗಾಲದಲ್ಲಿ ನೆರಳು ಹೆಚ್ಚಾದರೆ ಕಾಯಿ ಕೊಳೆಯುತ್ತದೆ. ಆದ್ದರಿಂದ ಮುಂಗಾರಿಗೆ ಮುಂಚೆ ತೋಟದ ದೊಡ್ಡ ಮರಗಳನ್ನು ಹತ್ತಿ ಕೊಂಬೆ ಕಡಿಯಬೇಕು. ಅವನು ನನ್ನ ಒಂದು ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಏರುತ್ತಿದ್ದ. ಮೇಲಿನ ಕವಲಿನ ಮೇಲಿಂದ ನನ್ನನ್ನು ಹಾಯಿಸುತ್ತಿದ್ದ. ಇನ್ನೊಂದು ತುದಿ ಕೆಳಗೆ ನಿಂತವನ ಕೈಯಲ್ಲಿ. ಮೇಲಿನವನು ಜಾರಿದರೆ ಕೆಳಗಿನವನು ಹಿಡಿಯಬೇಕು. ನಡುವೆ ಇರುವುದು ನಾನು ಮಾತ್ರ.

ಪ್ರತಿದಿನ ಸಂಜೆ ಮಂಚಯ್ಯ ತೋಟದ ಆಳುಗಳ ಸಾಲಿನಲ್ಲಿದ್ದ ತನ್ನ ಲೈನ್ ಮನೆಯ ಜಗುಲಿಯ ಮೇಲೆ ಕೂತು ನನ್ನನ್ನು ಮಾರು ಮಾರು ಹಿಡಿದು ಬೆರಳ ನಡುವೆ ಎಳೆಯುತ್ತಿದ್ದ. ಮುಳ್ಳು ಸಿಕ್ಕಿದ್ದರೆ ತೆಗೆಯುತ್ತಿದ್ದ, ಅಂಟು ಹತ್ತಿದ್ದರೆ ಒರೆಸುತ್ತಿದ್ದ. ಹೆಂಡತಿ ದ್ಯಾವಮ್ಮ ಒಳಗಿನಿಂದ ಕೂಗುತ್ತಿದ್ದಳು: "ಆ ಹಗ್ಗಕ್ಕೆ ಮಾಡೋ ಸೇವೆ ಒಂದಿನ ನಂಗೆ ಮಾಡಿದ್ರೆ ಆಗ್ತಿತ್ತು."

"ನೀನು ಹರಿದ್ರೆ ನಾನು ಬೀಳಲ್ಲ ಕಣಮ್ಮಿ," ಎನ್ನುತ್ತಿದ್ದ ಅವನು.

ಅವನು ಒಳ್ಳೆಯವನೆಂದು ನಾನು ಹೇಳುತ್ತಿಲ್ಲ. ಸಿಡುಕ. ಕೆಳಗಿನವನು ಸ್ವಲ್ಪ ಸಡಿಲ ಬಿಟ್ಟರೂ ಮರದ ಮೇಲಿಂದಲೇ ಅವನ ವಂಶವನ್ನೇ ಜಾಲಾಡುತ್ತಿದ್ದ. ಆದರೆ ಕುಡಿಯುತ್ತಿರಲಿಲ್ಲ. ಮರಗಸಿಯವರಲ್ಲಿ ಕುಡಿಯದವರು ಕಡಿಮೆ. ಕುಡಿದವರಲ್ಲಿ ಐವತ್ತು ದಾಟಿದವರು ಇನ್ನೂ ಕಡಿಮೆ. ಅವನಿಗೆ ಐವತ್ತೆರಡು ಆಗಿತ್ತು.

ಕೆಳಗಿನವನು ಲೋಹಿತ. ಮಂಚಯ್ಯನ ದೂರದ ನೆಂಟ, ಮೂವತ್ತರ ಗಂಡಸು, ಎರಡು ಮಕ್ಕಳ ತಂದೆ. ಐದು ವರ್ಷ ನನ್ನ ಕೆಳತುದಿ ಅವನ ಕೈಯಲ್ಲಿತ್ತು. ಒಮ್ಮೆ ಹಲಸಿನ ಮರದಲ್ಲಿ ಮಂಚಯ್ಯನ ಕಾಲು ಜಾರಿದಾಗ ಲೋಹಿತ ಹಿಡಿದ ಹಿಡಿತಕ್ಕೆ ಅವನ ಎರಡೂ ಅಂಗೈಗಳ ಚರ್ಮ ನನಗೆ ಅಂಟಿಕೊಂಡು ಬಂದಿತ್ತು. ಬಿಡಲಿಲ್ಲ. ಇದನ್ನೂ ಹೇಳಬೇಕು. ಮುಂದೆ ನಡೆದದ್ದನ್ನು ಮಾತ್ರ ಹೇಳಿದರೆ ಅವನು ಬೇರೆ ಯಾರೋ ಆಗಿಬಿಡುತ್ತಾನೆ.

ಆಮೇಲೆ ಪೂರ್ಣೇಶ ಗೌಡರು ಪ್ರವಾಸಿಗರನ್ನು ಕರೆತರಲು ಶುರುಮಾಡಿದರು. ಒಂದು ದಿನದ ಪ್ರವಾಸ: ಬೆಳಗ್ಗೆ ಕೋಣನಬ್ಬಿ ಎಂಬ ಜಲಪಾತ, ಮಧ್ಯಾಹ್ನ ಊಟ, ಆಮೇಲೆ ಕಾಫಿ ತೋಟ ಸುತ್ತುವುದು, ಕೊನೆಗೆ ತೋಟದ್ದೇ ಕಾಫಿ. ಜೀಪು ಓಡಿಸಲು, ಅಬ್ಬಿ ತೋರಿಸಲು ಒಬ್ಬ ಬೇಕಾಗಿತ್ತು. ಲೋಹಿತನಿಗೆ ಡ್ರೈವಿಂಗ್ ಬರುತ್ತಿತ್ತು. ಗೌಡರು ಅವನಿಗೆ ಕಾಲರ್ ಇರುವ ಟೀ ಶರ್ಟು ಕೊಟ್ಟರು.

"ಏನಾದ್ರೂ ಎಡವಟ್ಟು ಮಾಡ್ಕೊಂಡ್ರೆ ಮತ್ತೆ ಮರದ ಬುಡಕ್ಕೇ ಹೋಗ್ತೀಯಾ ಮಾರಾಯ, ನೆನಪಿಟ್ಕೋ," ಎಂದರು.

ಅವನು ನೆನಪಿಟ್ಟುಕೊಂಡ. ಅವನ ಅಂಗೈಯ ಕಲೆ ಇನ್ನೂ ಮಾಸಿರಲಿಲ್ಲ.

ಮೇ ತಿಂಗಳ ಒಂದು ಶನಿವಾರ ದಾವಣಗೆರೆಯ ಒಂದು ಬಟ್ಟೆ ಅಂಗಡಿಯ ನೌಕರರು ಬಂದರು. ಹದಿನಾಲ್ಕು ಜನ. ವರ್ಷಕ್ಕೆ ಒಂದೇ ಪ್ರವಾಸ ಅವರಿಗೆ. ಹಿಂದಿನ ದಿನಗಳಲ್ಲಿ ಮಳೆ ಬಿದ್ದು ಅಬ್ಬಿಯಲ್ಲಿ ನೀರಿತ್ತು, ಬಂಡೆಗಳು ಜಾರುತ್ತಿದ್ದವು. ಇಳಿಯುವವರಿಗೆ ಹಿಡಿಯಲು ಏನಾದರೂ ಬೇಕೆಂದು ಲೋಹಿತ ಬೆಳಗ್ಗೆ ಮಂಚಯ್ಯನ ಜಗುಲಿಗೆ ಬಂದು ನನ್ನನ್ನು ಕೊಡೆಂದು ಕೇಳಿದ.

"ಬಂಡೆ ಅಂಚಿಗೆ ಗೋಣಿ ಹಾಕು," ಎಂದ ಮಂಚಯ್ಯ.

"ನಂಗೆ ಹೇಳ್ಕೊಡ್ತೀಯಾ ಮಾವ?"

"ನಿಂಗೇ ಹೇಳ್ಬೇಕು. ಟೀ ಶರ್ಟ್ ಹಾಕಿದ್ಮ್ಯಾಲೆ ನಿನ್ ತಲೆ ನೆಟ್ಟಗಿಲ್ಲ."

ಲೋಹಿತ ಗೋಣಿ ಹಾಕಿದ. ನನ್ನನ್ನು ಮೇಲಿನ ನೇರಳೆ ಮರಕ್ಕೆ ಬಿಗಿದು, ಬಂಡೆಯ ಚೂಪು ಅಂಚಿನ ಮೇಲೆ ಗೋಣಿಚೀಲ ಮಡಿಸಿಟ್ಟು, ಅದರ ಮೇಲಿಂದ ನನ್ನನ್ನು ಕೆಳಗೆ ಬಿಟ್ಟ. ಜನ ಒಬ್ಬೊಬ್ಬರಾಗಿ ನನ್ನನ್ನು ಹಿಡಿದು ನೀರಿಗೆ ಇಳಿದರು. ಬೆಚ್ಚಗಿನ, ಮೆತ್ತಗಿನ ಕೈಗಳು. ದಿನವಿಡೀ ಸೀರೆ ಮಡಿಸುವ ಕೈಗಳು. ಲೋಹಿತ ಕೆಳಗೆ ನೀರಿನ ಬಳಿ ನಿಂತು ಅವರನ್ನು ಇಳಿಸಿಕೊಳ್ಳುತ್ತಿದ್ದ. ಮೇಲೆ ಉಳಿದಿದ್ದ ಒಬ್ಬಾಕೆ ಒದ್ದೆ ಬಂಡೆಯ ಮೇಲೆ ಕೂರಲಾರದೆ ನನ್ನ ಅಡಿಯಿಂದ ಗೋಣಿಯನ್ನು ಎಳೆದು ಹಾಸಿಕೊಂಡಳು. ಅವಳಿಗೆ ಅದು ಒಂದು ಗೋಣಿ, ಅಷ್ಟೆ.

ಕೊನೆಗೆ ಇಳಿದವರು ಮ್ಯಾನೇಜರ್ ಚನ್ನಬಸಪ್ಪ. ಭಾರಿ ಆಳು. ಅರ್ಧ ಇಳಿದವರು ಕಾಲು ಜಾರಿ ನನ್ನ ಮೇಲೆ ಜೋತುಬಿದ್ದರು. ಕೆಳಗಿದ್ದವರು ನಕ್ಕರು.

"ಸರ್, ಕೌಂಟರಿನ್ಯಾಗ ನಿಂತು ನಮ್ಮನ್ನ ಬೈದಂಗಲ್ರೀ ಇದು! ಗಟ್ಟಿ ಹಿಡೀರಿ!"

"ಸುಮ್ನಿರ್ರಲೇ! ಸೋಮವಾರ ಅಂಗಡಿಗೆ ಬರ್ತೀರಲ್ಲ, ನೋಡ್ಕೋತೀನಿ!"

ಅವರೂ ನಕ್ಕರು. ನಗುತ್ತ ಅತ್ತಿಂದಿತ್ತ ತೂಗಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದ್ದಕ್ಕೆ ಇನ್ನೂ ತೂಗಿದರು. ಬಂಡೆಯ ಅಂಚು ನನ್ನನ್ನು ಗರಗಸದಂತೆ ಕೊಯ್ಯಿತು. ಒಂದು ಎಳೆ ಪೂರ್ತಿ ಹೋಯಿತು. ಇನ್ನೊಂದು ಅರ್ಧ ಹೋಯಿತು. ಮೂರನೆಯದು ಉಳಿಯಿತು. ನನಗೆ ನೋವೆಂಬುದಿಲ್ಲ. ಎಷ್ಟು ಭಾರ ತಡೆಯಬಲ್ಲೆ ಎನ್ನುವುದು ಮಾತ್ರ ಗೊತ್ತಿರುತ್ತದೆ, ಆಗ ಅದು ಗೊತ್ತಾಯಿತು.

ಹಗ್ಗ ಬಿಚ್ಚಲು ಮೇಲೆ ಬಂದ ಲೋಹಿತ ಗೋಣಿ ಕಾಣದೆ ಸುತ್ತ ನೋಡಿದ. ಅದು ಆ ಹೆಂಗಸಿನ ಚಪ್ಪಲಿಗಳ ಪಕ್ಕದಲ್ಲಿತ್ತು. ನನ್ನನ್ನು ಎಳೆದುಕೊಂಡ. ಗಾಯದ ಜಾಗಕ್ಕೆ ಬಂದಾಗ ಅವನ ಬೆರಳು ನಿಂತವು. ಅವನಿಗೆ ತಿಳಿಯದೇ ಇರುವುದು ಸಾಧ್ಯವೇ ಇರಲಿಲ್ಲ. ಆಮೇಲೆ ಜೀಪಿನ ಪೆಟ್ಟಿಗೆಯಿಂದ ಕರೆಂಟು ವೈರಿಗೆ ಸುತ್ತುವ ಕಪ್ಪು ಟೇಪು ತಂದು ಆ ಜಾಗಕ್ಕೆ ನೀಟಾಗಿ ಸುತ್ತಿದ. ಇಂದು ಮರ ಹತ್ತುವ ಕೆಲಸವಿಲ್ಲ, ಮಂಚಯ್ಯ ಕಡಿದ ಕೊಂಬೆಗಳನ್ನು ರಾಶಿ ಹಾಕುತ್ತಿದ್ದಾನೆ, ಸೋಮವಾರದೊಳಗೆ ಬೇರೆ ಹಗ್ಗ ತಂದರೆ ಧಣಿಗೆ ಗೊತ್ತೇ ಆಗುವುದಿಲ್ಲ: ಹೀಗೆ ಅವನು ಯೋಚಿಸಿರಬೇಕು. ತಪ್ಪು ಯೋಚನೆಯೇನಲ್ಲ, ಮಧ್ಯಾಹ್ನದ ಮೂರು ಗಂಟೆಯವರೆಗೆ.

ಊಟದ ನಂತರ ಗೌಡರು ಅತಿಥಿಗಳನ್ನು ತೋಟಕ್ಕೆ ಕರೆದೊಯ್ದರು. ಮೇ ತಿಂಗಳಲ್ಲಿ ಕಾಫಿ ತೋಟದಲ್ಲಿ ನೋಡುವುದು ಏನೂ ಇರುವುದಿಲ್ಲ. ಹೂವು ಮುಗಿದಿರುತ್ತದೆ, ಹಣ್ಣಿಗೆ ಇನ್ನೂ ಆರು ತಿಂಗಳು.

"ಎಲ್ಲಿ ಸರ್ ಕಾಫಿ? ಬರೇ ಎಲಿ ಅದಾವಲ್ರಿ," ಎಂದಳು ಒಬ್ಬಳು.

ಗೌಡರಿಗೆ ಅವಮಾನವಾಯಿತು. ತೋಟದ ಪಕ್ಕದ ಭಾಗದಲ್ಲಿ ಕೊಂಬೆ ಎಳೆಯುತ್ತಿದ್ದ ಮಂಚಯ್ಯನನ್ನು ಕಂಡು ಅವರಿಗೆ ಉಪಾಯ ಹೊಳೆಯಿತು.

"ಮಂಚಯ್ಯಾ, ಬಾ ಇಲ್ಲಿ. ಮರಗಸಿ ಹೆಂಗೆ ಮಾಡೋದು ಅಂತ ಒಂದ್ಸಲ ಹತ್ತಿ ತೋರಿಸು. ಹತ್ತೇ ನಿಮಿಷ."

ಲೋಹಿತ ಮುಂದೆ ಬಂದ. "ಮಳೆ ಬರಂಗದೆ ಧಣಿ, ಬ್ಯಾಡ."

"ಎಲ್ಲಿದ್ಯಾ ಮಳೆ? ಹಗ್ಗ ತಗೊಂಬಾ ಹೋಗು."

ಲೋಹಿತ ಜೀಪಿಗೆ ಹೋದ. ಬೇಗ ಬರಲಿಲ್ಲ. ಬಂದು ಮಂಚಯ್ಯನ ಬಳಿ ಮೆಲ್ಲಗೆ ಹೇಳಿದ: "ಹಗ್ಗ ಬ್ಯಾಡ ಬಿಡು ಮಾವ. ಸಣ್ಣ ಮರ. ಹಂಗೇ ನಾಕು ಆಳೆತ್ತರ ಹತ್ತಿ ಇಳಿದ್ಬಿಡು."

"ಹಗ್ಗ ಇಲ್ದೆ ಹತ್ತಾಕೆ ನಾನೇನು ಮುಸಿಯ ಕೋತಿಯೇನ್ಲಾ? ಕೊಡು."

ಮಂಚಯ್ಯ ನನ್ನನ್ನು ಬೆರಳ ನಡುವೆ ಎಳೆಯತೊಡಗಿದ. ಸಂಜೆ ಮಾಡುವ ಕೆಲಸ, ಅವಸರದಲ್ಲಿ, ಹದಿನಾಲ್ಕು ಜನರ ಎದುರು. ಟೇಪು ಬಂತು. ಬೆರಳು ನಿಂತಿತು.

"ಇದೇನ್ಲಾ ಇದು?"

ಗೌಡರು ಎರಡು ಹೆಜ್ಜೆ ದೂರದಲ್ಲಿದ್ದರು. ಲೋಹಿತ ಅವರನ್ನೊಮ್ಮೆ ನೋಡಿದ.

"ಅಬ್ಬೀಲಿ ಎಷ್ಟು ಇಳಿಬಿಡ್ಬೇಕು ಅಂತ ಗುರುತು ಹಾಕಿವ್ನಿ ಮಾವ."

ಮಂಚಯ್ಯ ಟೇಪಿನ ಮೇಲೆ ಹೆಬ್ಬೆರಳು ಒತ್ತಿದ. ಬೇರೆ ಯಾರಾದರೂ ಹಾಗೆ ಹೇಳಿದ್ದರೆ ಬಿಚ್ಚಿ ನೋಡುತ್ತಿದ್ದ. ಹೇಳಿದವನು ಅಂಗೈ ಚರ್ಮ ಕಳೆದುಕೊಂಡು ಅವನನ್ನು ಹಿಡಿದವನು. ಬಿಚ್ಚಲಿಲ್ಲ. ಸೊಂಟಕ್ಕೆ ಕಟ್ಟಿಕೊಂಡ.

ಸಿಲ್ವರ್ ಓಕ್ ಮರ. ಸರಸರನೆ ಏರಿದ. ಮೂವತ್ತು ಅಡಿಯ ಮೇಲೆ ನನ್ನನ್ನು ಕವಲಿಗೆ ಹಾಯಿಸಿ ಎರಡು ಕೊಂಬೆ ಕಡಿದ. ಕೆಳಗೆ ಲೋಹಿತ ನನ್ನನ್ನು ಎಂದಿಗಿಂತ ಗಟ್ಟಿಯಾಗಿ ಹಿಡಿದಿದ್ದ. ಅದರಿಂದ ಏನೂ ಪ್ರಯೋಜನವಿರಲಿಲ್ಲ. ಟೇಪು ಇದ್ದದ್ದು ಮಂಚಯ್ಯನ ತಲೆಯಿಂದ ಎರಡು ಮೊಳ ಮೇಲೆ.

"ಇತ್ಲಾಗ ನೋಡ್ರಿ ಅಜ್ಜಾ! ಫೋಟೋ!" ಎಂದು ಕೂಗಿದರು ಚನ್ನಬಸಪ್ಪ. "ಎರಡೂ ಕೈ ಬಿಡ್ರಿ, ನೋಡೋಣ!"

ಮಂಚಯ್ಯ ಅದನ್ನು ನೂರು ಸಲ ಮಾಡಿದ್ದ. ದಣಿವಾದಾಗ ಕಾಂಡಕ್ಕೆ ಪಾದ ಒತ್ತಿ, ಹಿಂದಕ್ಕೆ ವಾಲಿ, ಪೂರ್ತಿ ಭಾರ ನನಗೆ ಕೊಟ್ಟು ಬೀಡಿ ಹಚ್ಚುತ್ತಿದ್ದ. ಸಿಡುಕನಾದರೂ ಅವತ್ತು ಖುಷಿಯಲ್ಲಿದ್ದ. ಅವನ ಕೆಲಸವನ್ನು ಅದುವರೆಗೆ ಯಾರೂ ನಿಂತು ನೋಡಿರಲಿಲ್ಲ.

"ಬ್ಯಾಡ ಮಾವ!" ಎಂದು ಲೋಹಿತ ಕಿರುಚಿದ. ಆ ಹೊತ್ತಿಗೆ ಮಂಚಯ್ಯ ವಾಲಿಯಾಗಿತ್ತು.

ಎರಡನೆಯ ಎಳೆ ಮೊದಲು ಹೋಯಿತು, ಟಪ್ ಎಂದು. ಅವನು ತಲೆಯೆತ್ತಿದ. ಕಪ್ಪು ಟೇಪು ಬಿರಿಯುವುದನ್ನು ಅವನು ನೋಡಿದ. ಅವನು ನೋಡಿದ್ದನ್ನು ನಾನು ಬಲ್ಲೆ. ಆಮೇಲೆ ಮೂರನೆಯದೂ ಹೋಯಿತು.

ಹಳೆಯ ಮರದ ಬೊಡ್ಡೆಯ ಮೇಲೆ ಬಿದ್ದ. ಸಾಯಲಿಲ್ಲ. ಅದೇ ಜೀಪಿನಲ್ಲಿ ಆಸ್ಪತ್ರೆಗೆ ಹಾಕಿಕೊಂಡು ಹೋದರು. ಚನ್ನಬಸಪ್ಪ ರಸ್ತೆಯ ಬದಿಯಲ್ಲಿ ಕೂತು ವಾಂತಿ ಮಾಡಿಕೊಂಡರು. ಕಾಫಿ ಮೊದಲೇ ಸೋಸಿಟ್ಟಿದ್ದರಿಂದ ಕೆಲವರು ಕುಡಿದರು. ಕುಡಿಯದೆ ಇನ್ನೇನು ಮಾಡಬೇಕಿತ್ತು?

ಸೊಂಟದ ಕೆಳಗೆ ಸತ್ತಿದೆ ಎಂದರು ಡಾಕ್ಟರು. ಹೇಗಾಯಿತು ಎಂದು ಕೇಳಿದವರಿಗೆಲ್ಲ ಗೌಡರು, "ಕುಡಿದು ಹತ್ತಿದ್ದ," ಎಂದರು. ಲೋಹಿತನನ್ನು ಕೇಳಿದಾಗ ಅವನು ನೆಲ ನೋಡುತ್ತ, "ವಾಸ್ನೆ ಬರ್ತಿತ್ತು," ಎಂದ. ಆ ಸಂಜೆ ಅವನು ಟೇಪು ಅಂಟಿದ್ದ ತುದಿಗಳನ್ನು ಕತ್ತರಿಸಿ ಬಚ್ಚಲ ಒಲೆಗೆ ಹಾಕಿದ. ನನ್ನ ಉಳಿದ ಭಾಗವನ್ನು ಸುತ್ತಿ ಮತ್ತೆ ಮಂಚಯ್ಯನ ಜಗುಲಿಯ ಮೊಳೆಗೆ ತೂಗುಹಾಕಿದ.

ಎರಡು ತಿಂಗಳ ನಂತರ ಮಂಚಯ್ಯನನ್ನು ಮನೆಗೆ ತಂದು ಮಂಚದ ಮೇಲೆ ಮಲಗಿಸಿದರು. ಎದ್ದು ಕೂರಲು ಹಿಡಿಯುವುದಕ್ಕೆ ಏನಾದರೂ ಬೇಕು ಎಂದಳು ದ್ಯಾವಮ್ಮ. ಮನೆಯಲ್ಲಿ ಬೇರೆ ಹಗ್ಗವಿರಲಿಲ್ಲ. ಲೋಹಿತನೇ ನನ್ನನ್ನು ತೊಲೆಗೆ ಕಟ್ಟಿದ.

ಅಂದಿನಿಂದ ಇಲ್ಲಿದ್ದೇನೆ. ನಾಲ್ಕು ವರ್ಷವಾಯಿತು. ಹೊಗೆ ಕುಡಿದು ಕಪ್ಪಾಗಿದ್ದೇನೆ. ದ್ಯಾವಮ್ಮ ಸಣ್ಣ ಆಳು, ಗಂಡನನ್ನು ಎತ್ತಲಾರಳು. ಮಕ್ಕಳಿಲ್ಲ. ದಿನ ಬಿಟ್ಟು ದಿನ ಲೋಹಿತ ಬಂದು ಅವನನ್ನು ಎತ್ತಿ, ಮೈ ತೊಳೆದು, ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚಿ, ಮಗ್ಗುಲು ಬದಲಿಸಿ ಹೋಗುತ್ತಾನೆ. ಬೇರೆ ಯಾರೂ ಬರುವುದಿಲ್ಲ. ಬಂದವರೂ ಮೂಗು ಮುಚ್ಚಿಕೊಂಡು ಬೇಗ ಎದ್ದರು.

"ಹೊಟ್ಟೇಲಿ ಹುಟ್ಟಿದ್ದಿದ್ರೂ ಹಿಂಗೆ ನೋಡ್ತಿರ್ಲಿಲ್ಲ," ಎನ್ನುತ್ತಾಳೆ ದ್ಯಾವಮ್ಮ. ಮಂಚಯ್ಯ ಗೋಡೆ ನೋಡುತ್ತಾನೆ.

ಒಂದು ದಿನ ಅವಳು ತಡೆಯಲಾರದೆ ಕೇಳಿದಳು: "ನಿಜ ಹೇಳು. ಅವತ್ತು ಕುಡ್ದಿದ್ಯಾ?"

ಲೋಹಿತ ಹಿತ್ತಲಲ್ಲಿ ಬಿಸಿನೀರು ತೋಡುತ್ತಿದ್ದ. ಚೊಂಬಿನ ಸದ್ದು ನಿಂತಿತು.

ಮಂಚಯ್ಯ ನನ್ನನ್ನು ಹಿಡಿದ. ಅವನ ಬೆರಳುಗಳಲ್ಲಿ ಮಾತ್ರ ಹಳೆಯ ಶಕ್ತಿ ಉಳಿದಿದೆ. ಅವನು ಜೀವನದಲ್ಲಿ ತನ್ನದೆಂದು ಇಟ್ಟುಕೊಂಡಿದ್ದ ಹೆಸರು ಅದೊಂದೇ: ಕುಡಿಯದ ಮರಗಸಿ ಆಳು.

"ಹೂಂ. ವಸಿ ಕುಡ್ದಿದ್ದೆ," ಎಂದ.

ದ್ಯಾವಮ್ಮ ಹಣೆ ಚಚ್ಚಿಕೊಂಡು ಅಡುಗೆ ಒಲೆಯ ಬಳಿ ಹೋದಳು. ಲೋಹಿತ ನೀರು ತಂದಿಟ್ಟು ಮಂಚದ ಬಳಿ ನಿಂತ.

"ಮಾವ, ಅವತ್ತು ನಾನು..."

"ಮುಚ್ಕೊಂಡು ಎತ್ತಲಾ," ಎಂದ ಮಂಚಯ್ಯ. "ಬೆನ್ನು ಉರೀತದೆ."

ಲೋಹಿತ ಎತ್ತಿದ. ಮಂಚಯ್ಯ ಒಂದು ಕೈ ನನ್ನ ಮೇಲೆ, ಒಂದು ಕೈ ಅವನ ಕತ್ತಿನ ಮೇಲೆ ಹಾಕಿ ಕೂತ. ಮಾತು ಹೊರಗೆ ಬಿದ್ದರೆ ಇವನು ಮತ್ತೆ ಬರಲಾರ. ಇವನು ಬಾರದಿದ್ದರೆ ಹುಣ್ಣಿಗೆ ಹುಳ ಬೀಳುತ್ತದೆ. ಇಷ್ಟೇ ಲೆಕ್ಕ. ಇದರಲ್ಲಿ ಕ್ಷಮೆ ಇಲ್ಲ. ಇದೆಯೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಲೋಹಿತ ಒದ್ದೆ ಬಟ್ಟೆ ಹಿಂಡಿ ಅವನ ಬೆನ್ನು ಒರೆಸತೊಡಗಿದ.