ಪುಸ್ತಕದ ಮಾತು

"ನೀರು ಭಾಳ ಆಗಿ ಹಿಟ್ಟು ಗಂಜಿ ಆಗೇತಿ. ಇದನ್ನ ಯಾರ ಬಡೀಬೇಕು, ನಿಮ್ಮಪ್ಪ?" ಕಸ್ತೂರೆವ್ವ ಮೊಬೈಲನ್ನು ಬಾಯಿಗೆ ಹಿಡಿದು ಕೂಗಿದಳು. ಸೊಸೆಯ ತವರು ಬಂಗಾಳದಲ್ಲಿ, ಅಷ್ಟು ದೂರದ ಭಾಷೆಗೆ ಅಷ್ಟಾದರೂ ಗಂಟಲು ಬೇಕೆಂದು ಅವಳ ಲೆಕ್ಕ. ಮೊಬೈಲು ಏನೋ ಒಂದು ನುಡಿಯಿತು. ರೊಟ್ಟಿಹಿಟ್ಟಿನ ಪರಾತದ ಮುಂದೆ ಕೂತಿದ್ದ ಝುಮಾ ಅತ್ತೆಯ ಮುಖ ನೋಡಿ, ಮೊಬೈಲಿನ ಮುಖ ನೋಡಿ, ಎದ್ದು ಹೋಗಿ ಇನ್ನೊಂದು ತಂಬಿಗೆ ನೀರು ತಂದಿಟ್ಟಳು.

"ತಗೋ ಅತ್ಲಾಗ. ಇದಕ್ಕ ನನ್ನ ಮಾತು ತಿಳಿಯಂಗಿಲ್ಲ. ನೀನ ಹೇಳು, ನಿನ್ನ ಪುಸ್ತಕದ ಮಾತಿನ್ಯಾಗ." ಮೊಬೈಲು ಮಗಳ ಮಡಿಲಿಗೆ ಬಿತ್ತು.

ಭಾಗ್ಯಜ್ಯೋತಿ ಅದನ್ನು ತುಟಿಯ ಹತ್ತಿರ ತಂದು, "ಹಿಟ್ಟಿಗೆ ನೀರು ಸ್ವಲ್ಪ ಹೆಚ್ಚಾಗಿದೆ. ಚಿಂತೆಯಿಲ್ಲ, ನಿಧಾನವಾಗಿ ಕಲಿಯಬಹುದು," ಎಂದಳು. ಮೊಬೈಲು ಅಷ್ಟೇ ಮೆಲ್ಲಗೆ ಬಂಗಾಳಿಯಲ್ಲಿ ಹೇಳಿತು. ಝುಮಾ ಅತ್ತೆಯ ಕಡೆ ತಿರುಗಿ ನಕ್ಕಳು.

"ಬೈದ್ರೂ ನಗ್ತಾಳಲ್ಲ ಇಕಿ," ಅಂದಳು ಕಸ್ತೂರೆವ್ವ.

"ಇರ್ಲಿ ಬಿಡಬೇ ಯವ್ವಾ."

ಝಳಕಿಯ ಹೆದ್ದಾರಿ ಪಕ್ಕದ ಈ ಮನೆಗೆ ಝುಮಾ ಬಂದದ್ದು ದೀಪಾವಳಿಯ ಆಸುಪಾಸು. ಕಸ್ತೂರೆವ್ವನ ಮಗ ಬಸಂತರಾಯನಿಗೆ ನಿಂಬೆಯ ತೋಟವಿತ್ತು, ಬೋರಿನಲ್ಲಿ ನೀರಿತ್ತು, ಮನೆಗೆ ಸ್ಲ್ಯಾಬು ಬಿದ್ದಿತ್ತು. ಆದರೂ ಇಂಡಿ, ಸಿಂದಗಿ, ಮುದ್ದೇಬಿಹಾಳ ಎಲ್ಲ ಕಡೆಯ ಬೀಗಸ್ತನದ ಮಾತು ಒಂದೇ ಕಡೆ ಬಂದು ನಿಲ್ಲುತ್ತಿತ್ತು: ಒಕ್ಕಲುತನದವಗ ಹೆಣ್ಣು ಕೊಡಂಗಿಲ್ಲ. ಕೂದಲು ಬೆಳ್ಳಗಾಗತೊಡಗಿದ ಮೇಲೆ ಸೊಲ್ಲಾಪುರದ ಮಧ್ಯಸ್ಥನೊಬ್ಬ ಫೋಟೊ ತೋರಿಸಿದ. ಹೀಗೆ ಬಂದ ಝುಮಾ ಮದುವೆಯ ಅಕ್ಕಿಕಾಳು ಬಿದ್ದ ದಿನವೇ ಕಸ್ತೂರೆವ್ವನ ಬಾಯಲ್ಲಿ ಜುಮ್ಮವ್ವ ಆದಳು.

ಮಾತಿನ ತೊಡಕಿಗೆ ಮೊಬೈಲಿನ ಆ್ಯಪು ಸಿಕ್ಕಿತು. ಆದರೆ ಅದಕ್ಕೆ 'ಐತಿ' ಅಂದರೆ ತಿಳಿಯದು, 'ಇದೆ' ಅನ್ನಬೇಕು. ಬಸಂತರಾಯ ತನ್ನ ಹೆಂಡತಿಯನ್ನು ಉಂಡಿಯೇನು ಅಂತ ಕೇಳಬೇಕಾದರೂ ತಂಗಿಯನ್ನು ಕರೆಯಬೇಕು. ಕರೆದು, ಕೇಳಿಸಿ, ಉತ್ತರ ಬರುವುದರೊಳಗೆ ನಾಚಿ ಹೊರಗೆ ಹೋಗಿಬಿಡುತ್ತಿದ್ದ. ಇಂಡಿಯಲ್ಲಿ ಬಿ.ಎ. ಓದುವಾಗ ಒಂದು ದಿನವೂ ಎದ್ದುನಿಂತು ಉತ್ತರ ಹೇಳದವಳು ಭಾಗ್ಯಜ್ಯೋತಿ. ಮನೆಗೆ ಮಂದಿ ಬಂದರೆ ಬಾಗಿಲ ಹಿಂದೆಯೇ. ದಿನಚರಿಯಲ್ಲಿ ಬರೆಯುವ ಕನ್ನಡವನ್ನು ಅವಳು ಬಾಯಿಬಿಟ್ಟು ಆಡಿದ್ದು ಈ ಮೊಬೈಲಿಗೇ ಮೊದಲು, ಮತ್ತು ಅದು ಅವಳಿಗೆ ಹಿತವೆನಿಸಿತ್ತು. ಅವ್ವನ ಬೈಗಳು ಅವಳಲ್ಲಿಗೆ ಬಂದು ಅವಳಲ್ಲೇ ಉಳಿಯುತ್ತಿದ್ದವು. ಮುಂದಕ್ಕೆ ಹೋಗುತ್ತಿದ್ದುದು ಒಳ್ಳೆಯ ಮಾತು ಮಾತ್ರ.

ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಝುಮಾ ಮೊಬೈಲಿಗೆ ಏನೋ ಹೇಳಿ ಅದನ್ನು ನಾದಿನಿಯ ಕಿವಿಗೆ ಹಿಡಿದಿದ್ದಳು. 'ನಾನು ತುಂಬಾ ಹೆದರಿ ಬಂದೆ. ಆದರೆ ನನ್ನ ಅತ್ತೆ ಒಳ್ಳೆಯವರು.' ಭಾಗ್ಯಜ್ಯೋತಿ ಹೌದೆಂದು ತಲೆಯಾಡಿಸಿದ್ದಳು.

ಅದನ್ನು ನಂಬಿಕೊಂಡೇ ಝುಮಾ ಮುಂದೊಂದು ದಿನ ಯಾರನ್ನೂ ಕೇಳದೆ ನೇರ ಅಂಗಳಕ್ಕೆ ನಡೆದಳು. ಕಸ್ತೂರೆವ್ವ ಮತ್ತು ಆಳಿನ ಲಕ್ಕವ್ವ ಕೂತು ನಿಂಬೆಹಣ್ಣು ಆರಿಸುತ್ತಿದ್ದರು, ದೊಡ್ಡವು ಒಂದು ಕಡೆ, ಸಣ್ಣವು ಒಂದು ಕಡೆ. ಬಸಂತರಾಯ ಚೀಲದ ಬಾಯಿ ಹೊಲಿಯುತ್ತಿದ್ದ. ಮುಂಜಾನೆ ತವರಿನಿಂದ ಝುಮಾಳ ಅಣ್ಣನ ಫೋನು ಬಂದಿತ್ತು. ಅವಳು ಮಂಡಿಯೂರಿ ಕೂತು ಮೊಬೈಲಿಗೆ ಹೇಳಿ, ಅದನ್ನು ಎರಡೂ ಕೈಯಲ್ಲಿ ಅತ್ತೆಯ ಮುಂದೆ ಹಿಡಿದಳು.

'ಅಮ್ಮ, ನನ್ನ ತಾಯಿ ಹಾಸಿಗೆ ಹಿಡಿದಿದ್ದಾರೆ. ಬದುಕುವುದಿಲ್ಲ ಎಂದು ಹೇಳುತ್ತಾರೆ. ಒಮ್ಮೆ ನೋಡಿ ಬರುತ್ತೇನೆ. ನೀವು ಕರುಣೆ ಇರುವವರು, ಕಳುಹಿಸುತ್ತೀರಿ ಎಂದು ನನಗೆ ಗೊತ್ತು.'

"ನೋಡ್ರಿ ಅಕ್ಕಾರ, ಹೂವಿನ ಹಿಪ್ಪರಗ್ಯಾಗೂ ಒಬ್ಬಾಕಿ ಹಿಂಗ ಅಂದ ಹೋದ್ಲಂತ," ಅಂದಳು ಲಕ್ಕವ್ವ ಹಣ್ಣಿನಿಂದ ಕಣ್ಣೆತ್ತದೆ. "ಹೋದಕಿ ಹ್ವಾದ್ಲು. ಗಂಡ ಇನ್ನೂ ಬಸ್ ಸ್ಟ್ಯಾಂಡಿಗೆ ಹೋಗಿ ಕುಂದರತಾನಂತ."

ಕಸ್ತೂರೆವ್ವನ ಕೈ ನಿಂತಿತು. "ಕಳಸಂಗಿಲ್ಲ ಅಂತ ಹೇಳ ಅಕಿಗೆ. ಅವ್ವ ಸತ್ರೂ ಇಲ್ಲೇ ಕುಂತ ಅಳು ಅನ್ನು."

"ಅಣ್ಣಾ..." ಭಾಗ್ಯಜ್ಯೋತಿ ಬಸಂತರಾಯನ ಕಡೆ ನೋಡಿದಳು.

"ಅವ್ವ ಅಂದಂಗ," ಎಂದ ಅವನು, ದಬ್ಬಳಕ್ಕೆ ದಾರ ಪೋಣಿಸುತ್ತ.

"ಹೇಳಬೇ. ಬಾಯಾಗ ಏನ ಇಟಗೊಂಡಿ?"

ಸೊಲ್ಲಾಪುರದ ಬಸ್ಸು ಮನೆಯ ಮುಂದಿನ ರಸ್ತೆಯಲ್ಲೇ ನಿಲ್ಲುತ್ತಿತ್ತು. ಇದ್ದದ್ದು ಇದ್ದಂತೆ ಹೇಳಿದ್ದರೆ ಝುಮಾ ಅಳುತ್ತಿದ್ದಳು, ಜಗಳಾಡುತ್ತಿದ್ದಳು, ಅಥವಾ ನಸುಕಿನಲ್ಲಿ ಎದ್ದು ಆ ಬಸ್ಸು ಹತ್ತುತ್ತಿದ್ದಳು. ಇದೆಲ್ಲ ಭಾಗ್ಯಜ್ಯೋತಿಗೆ ಹೊಳೆದದ್ದು ಆಮೇಲೆ. ಆಗ ಅವಳ ಕಣ್ಣಿಗೆ ಕಂಡದ್ದು ಮೊಬೈಲು ಹಿಡಿದ ಆ ಎರಡು ಕೈ.

"ಅತ್ತೆಯವರು ಖಂಡಿತ ಕಳುಹಿಸುತ್ತಾರೆ," ಎಂದಳು. "ನಿಂಬೆಯ ಕೆಲಸ ಮುಗಿಯಲಿ. ಅಲ್ಲಿಯವರೆಗೆ ಸಮಾಧಾನದಿಂದಿರಿ."

ಕಸ್ತೂರೆವ್ವ ಹುಬ್ಬು ಗಂಟಿಕ್ಕುವುದರೊಳಗೆ ಮೊಬೈಲು ಅದನ್ನು ಹೇಳಿ ಮುಗಿಸಿತ್ತು. ಝುಮಾ ಬಗ್ಗಿ ಅತ್ತೆಯ ಪಾದಕ್ಕೆ ಹಣೆ ಹಚ್ಚಿದಳು.

"ಕಳಸ್ತಾರ ಅಂತ ಯಾರ ಅಂದ್ರು ನಿನಗ?"

"ಸದ್ಯಕ್ಕ ಹಂಗ ಅಂದೇನಿಬೇ. ಆಮ್ಯಾಲ ನಾನ ಹೇಳ್ತೇನಿ."

ಕಸ್ತೂರೆವ್ವ ಕಾಲು ಹಿಂದಕ್ಕೆಳೆದುಕೊಂಡಳು. ಸೊಸೆ ಇಲ್ಲೇ ಉಳಿದರೆ ಸಾಕಾಗಿತ್ತು ಅವಳಿಗೆ. "ಆತು, ಹಂಗರ ಹಿಡದ ಇಡು," ಅಂದಳು.

ಅಂದಿನಿಂದ ಝುಮಾ ಇಬ್ಬರು ಮಾಡುವ ಕೆಲಸ ಒಬ್ಬಳೇ ಮಾಡಿದಳು. ಮುಳ್ಳು ಗೀರಿದ ಮೊಣಕೈಗೆ ಎಣ್ಣೆ ಸವರಿಕೊಂಡು ಮತ್ತೆ ತೋಟಕ್ಕೆ ಹೋಗುತ್ತಿದ್ದಳು. ಒಂದು ಸಂಜೆ ಭಾಗ್ಯಜ್ಯೋತಿಯ ಕೈ ಹಿಡಿದು ಗಿಡದ ಹತ್ತಿರ ಕರೆದೊಯ್ದಳು. ಹಣ್ಣು ಹರಿದು ಬರಿದಾದ ಟೊಂಗೆಯ ಪಕ್ಕದಲ್ಲಿ ಇನ್ನೊಂದು ಟೊಂಗೆ, ಅದರ ತುಂಬ ಬಿಳಿ ಹೂವು, ಹೂವಿನ ನಡುವೆ ಮೆಣಸಿನ ಕಾಳಿನಷ್ಟು ಕಾಯಿ. ಝುಮಾ ಅದನ್ನು ಬೆರಳಿಂದ ತೋರಿಸಿದಳು. ಮೊಬೈಲು ಮನೆಯಲ್ಲೇ ಉಳಿದಿತ್ತು, ಬೇಕಾಗಲೂ ಇಲ್ಲ. ನಿಂಬೆಯ ಗಿಡದಲ್ಲಿ ಕೆಲಸ ಮುಗಿಯುವುದೆಂಬುದು ಇಲ್ಲ. ಹುಟ್ಟಿದಾಗಿನಿಂದ ಆ ತೋಟದಲ್ಲೇ ಆಡಿದ ಭಾಗ್ಯಜ್ಯೋತಿಗೆ ಅದು ಗೊತ್ತಿಲ್ಲದ್ದೇನಲ್ಲ.

ಅಣ್ಣನಿಗೆ ಹೇಳಿಯೇ ಬಿಡಬೇಕೆಂದು ಅವಳು ಎಷ್ಟು ಸಲ ಪಡಸಾಲೆಯವರೆಗೆ ಹೋದಳೋ. ಮೊಬೈಲಿಗೆ ಸಲೀಸಾಗಿ ಮಾತಾಡುವವಳು ಅಣ್ಣನ ಮುಖ ಕಂಡೊಡನೆ ಅವನ ಚಹಾದ ಕಪ್ಪು ಎತ್ತಿಕೊಂಡು ಒಳಗೆ ಬಂದುಬಿಡುತ್ತಿದ್ದಳು. ಕಡೆಗೊಮ್ಮೆ, "ಅಣ್ಣಾ, ವೈನೀನ ಒಂದ್ಸಲ ತವರಿಗೆ ಕರಕೊಂಡ ಹೋಗಿ ಬಾ," ಅಂದಳು. ಅವನು, "ನೋಡೂಣು," ಎಂದು ಪಂಪು ಚಾಲೂ ಮಾಡಲು ಹೋದ.

ಝುಮಾಳ ಫೋನು ಹೊಡೆದುಕೊಂಡಾಗ ಅವಳು ರೊಟ್ಟಿ ಬಡಿಯಲು ಕೂತಿದ್ದಳು. ಹಿಟ್ಟಿನ ಕೈಯಲ್ಲೇ ಎತ್ತಿದಳು. ಕೇಳಿದಳು. ಫೋನು ಕೆಳಗಿಟ್ಟು, ಕೈಯ ಹಿಟ್ಟನ್ನು ನೋಡುತ್ತ ಕೂತಳು. ಯಾರೂ ಯಾರಿಗೂ ಏನನ್ನೂ ತಿಳಿಸಿ ಹೇಳಬೇಕಾಗಲಿಲ್ಲ.

ಕಸ್ತೂರೆವ್ವ ಬಾಗಿಲಲ್ಲಿ ನಿಂತವಳು ಒಳಗೆ ಬಂದು ಸೊಸೆಯ ಪಕ್ಕದಲ್ಲಿ ಕುಕ್ಕರಿಸಿದಳು. ಸೆರಗಿನಿಂದ ಅವಳ ಮುಖ ಒರೆಸಿದಳು, ಒರೆಸಲು ಕಣ್ಣೀರು ಇನ್ನೂ ಬಂದಿರಲಿಲ್ಲ. "ಹೇಳ ಅಕಿಗೆ," ಅಂದಳು ಮಗಳಿಗೆ, ದನಿ ಒಡೆದಿತ್ತು. "ನಾ ತಪ್ಪ ಮಾಡಿದೆ ಅಂತ ಹೇಳು. ಇನ್ನ ನಾನ ನಿನ್ನ ಹಡದಕಿ ಅಂತ ಹೇಳು. ನಾ ಹೆಂಗ ಅಂದೇನಿ ಹಂಗ ಹೇಳಬೇ, ಒಂದ ಮಾತು ಬಿಡಬ್ಯಾಡ."

ಬಿಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಭಾಗ್ಯಜ್ಯೋತಿ ಎಲ್ಲವನ್ನೂ ಹೇಳಿದಳು. ಹಿಟ್ಟಿಗೆ ನೀರು ಹೆಚ್ಚಾಗಿದೆ ಎಂದಿದ್ದ ಅದೇ ದನಿ, ಅದೇ ನಯದಲ್ಲಿ, ಅದನ್ನೂ ಬಂಗಾಳಿಗೆ ತಿರುಗಿಸಿತು.

ಝುಮಾ ಕೊನೆಯವರೆಗೆ ಕೇಳಿದಳು. ಮೊಬೈಲು ಇಸಿದುಕೊಂಡು ಸಣ್ಣದೊಂದು ಮಾತು ಆಡಿದಳು.

'ಇದು ಯಾವಾಗಲೂ ಒಳ್ಳೆಯದನ್ನೇ ಹೇಳುತ್ತದೆ,' ಎಂದಿತು ಅದು ಕನ್ನಡದಲ್ಲಿ.

"ಅಂದ್ರ?" ಕಸ್ತೂರೆವ್ವ ಮಗಳನ್ನು ನೋಡಿದಳು. "ಏನಬೇ ಹಂಗಂದ್ರ?"

ಝುಮಾ ಮೊಬೈಲನ್ನು ಉಪ್ಪಿನ ಡಬ್ಬಿಗೆ ಒರಗಿಸಿಟ್ಟು ಪರಾತದ ಕಡೆ ತಿರುಗಿದಳು. "ಬಿಡವ್ವ, ಏಳು," ಎಂದು ಅತ್ತೆ ರಟ್ಟೆ ಹಿಡಿದರೂ ಏಳಲಿಲ್ಲ. ಮುದ್ದೆಯನ್ನು ಹಿಟ್ಟಿನ ಮೇಲಿಟ್ಟು ಬಡಿಯತೊಡಗಿದಳು. ಅಂಚು ಸೀಳದೆ, ನಡುವೆ ಹರಿಯದೆ ರೊಟ್ಟಿ ದುಂಡಗೆ ಅಗಲವಾಗುತ್ತ ಹೋಯಿತು. ಮೊಬೈಲು ಇನ್ನೂ ಆಲಿಸುತ್ತಲೇ ಇತ್ತು. ಒಂದೊಂದು ಬಡಿತಕ್ಕೂ ಅದರ ಪರದೆಯ ಮೇಲಿನ ದನಿಯ ಗೆರೆ ಎದ್ದು, ಅಲುಗಿ, ಮತ್ತೆ ಮಲಗುತ್ತಿತ್ತು. ಅಕ್ಷರ ಮೂಡಲಿಲ್ಲ.