ಡೀನ್ ಕಾರ್ಮೆನಾತೆ ರದ್ದು ಮಾಡಿದ ಉಪನ್ಯಾಸ

ಕ್ಯೂಬಾ ಬಿಟ್ಟು ಬಂದವರೇ ತುಂಬಿದ ಮಯಾಮಿಯಲ್ಲಿ ಕ್ಯೂಬಾದ ವಿಷಯ ಗೊತ್ತಿಲ್ಲದವರು ಯಾರೂ ಇಲ್ಲ. ಕಾಫಿ ಮಾರುವ ಕಿಟಕಿಯ ಮುಂದೆ ನಿಂತ ಪ್ರತಿಯೊಬ್ಬನೂ ಪಂಡಿತನೇ. ಅದಕ್ಕೆ ಸಂಬಳ ತೆಗೆದುಕೊಳ್ಳುವ ಪಂಡಿತರು ಒವಿಡಿಯೊ ಕಾರ್ಮೆನಾತೆ ಒಬ್ಬರೇ ಎಂದು ನಾವು ನಗುತ್ತಿದ್ದೆವು. ವಿಶ್ವವಿದ್ಯಾಲಯದಲ್ಲಿ ಅವರು ಕಟ್ಟಿದ ಕ್ಯೂಬಾ ಅಧ್ಯಯನ ಕೇಂದ್ರಕ್ಕೆ ಮೊದಲ ದಿನದಿಂದ ನಾನೇ ಕಾರ್ಯದರ್ಶಿ. ನನ್ನ ಹೆಸರು ಸೊರೈದಾ. ಮುಂದೆ ಅವರು ಡೀನ್ ಆದಾಗ ನನ್ನನ್ನೂ ಮೇಲಿನ ಮಹಡಿಗೆ ಕರೆದುಕೊಂಡು ಹೋದರು.

ಕ್ಯೂಬಾದಲ್ಲಿ ಕ್ರಾಂತಿಯಾದ ಹೊಸದರಲ್ಲಿ, ಅವರಿಗೆ ಹದಿಮೂರು ವರ್ಷವಾಗಿದ್ದಾಗ, ತಂದೆತಾಯಿ ತಮ್ಮೂರು ಕಮಗ್ವೆಯಿಂದ ಹವಾನಾಕ್ಕೆ ಕರೆತಂದು ಒಬ್ಬರನ್ನೇ ಮಯಾಮಿಯ ವಿಮಾನ ಹತ್ತಿಸಿದ್ದರು. ಕೆಲವು ವರ್ಷಗಳ ಮೇಲೆ ತಾವೂ ಬಂದರು. ಅಣ್ಣ ಹೆರಿಬೆರ್ತೊ ಮಾತ್ರ ಬರಲಿಲ್ಲ. ಹಳ್ಳಿಯವರಿಗೆ ಅಕ್ಷರ ಕಲಿಸಲು ಹೋಗಿದ್ದ ಆತ ಕ್ಯೂಬಾದಲ್ಲೇ ಉಳಿದು, ಹವಾನಾದಲ್ಲಿ ಓದಿ, ರೈಲ್ವೆಯ ಇತಿಹಾಸಕಾರನಾದ. ತಾಯಿ ಮಯಾಮಿ ಪಕ್ಕದ ಹಿಯಾಲಿಯಾದ ಪುಟ್ಟ ಮನೆಯಲ್ಲಿ ದೊಡ್ಡ ಮಗನನ್ನು ಮತ್ತೆ ನೋಡದೆಯೇ ತೀರಿಕೊಂಡರು.

ಎಪ್ಪತ್ತೊಂಬತ್ತರಲ್ಲಿ ಕ್ಯೂಬಾಕ್ಕೆ ಹೋಗಿಬರಲು ಅನುಮತಿ ಸಿಕ್ಕಿದಾಗ ಒವಿಡಿಯೊ ಅಣ್ಣನನ್ನು ನೋಡಿ ಬಂದರು. ಅಲ್ಲಿನ ಸರ್ಕಾರವನ್ನು ಕಂಡರಾಗದ ಇಲ್ಲಿನ ರೇಡಿಯೊ ಅವರನ್ನು ದ್ರೋಹಿ ಎಂದಿತು. ಸ್ವಲ್ಪ ದಿನಕ್ಕೇ ಯಾರೋ ಕೇಂದ್ರದ ಬಾಗಿಲಿಗೆ ಬಾಂಬ್ ಇಟ್ಟರು. ಅಂದು ರಜೆಯಿದ್ದುದರಿಂದ ಯಾರಿಗೂ ಏನೂ ಆಗಲಿಲ್ಲ. ಸೋಮವಾರ ಬೆಳಿಗ್ಗೆ ಅವರು ಗಾಜಿನ ಚೂರುಗಳ ಮೇಲೆ ಸುಮ್ಮನೆ ನಿಂತಿದ್ದರು.

“ಭಯ ಆಗ್ತಿಲ್ವಾ ಡಾಕ್ಟರೇ?” ಅಂದೆ.

“ಆಗ್ಬೇಕಿತ್ತು ಅನ್ಸತ್ತೆ. ಏನೂ ಆಗ್ತಿಲ್ಲ. ಕುರ್ಚಿಗಳನ್ನ ಪಾರ್ಕಿಂಗ್ ಜಾಗಕ್ಕೆ ಹಾಕ್ಸು. ನೆರಳಿರೋ ಕಡೆ.”

ಅಂದು ಅಲ್ಲೇ ಪಾಠ ಮಾಡಿದರು, ಸಕ್ಕರೆ ರಫ್ತಿನ ಬಗ್ಗೆ.

ಆಮೇಲೆ ಪುಸ್ತಕಗಳು ಬಂದವು, ಟಿವಿಯವರು ಬಂದರು, ಪದವಿಗಳು ಬಂದವು. ಅಲ್ಲಿ ಏನೇ ನಡೆದರೂ ಕ್ಯಾಮೆರಾ ಹಿಡಿದವರು ಇವರ ಬಾಗಿಲಿಗೇ. ಇವರು ಹವಾಮಾನ ವರದಿ ಓದುವವರ ದನಿಯಲ್ಲಿ ಉತ್ತರ ಕೊಟ್ಟು ಕಳಿಸುತ್ತಿದ್ದರು.

ತೊಂಬತ್ತೆಂಟರಲ್ಲಿ, ಡೀನ್ ಆಗಿದ್ದಾಗ, ಅಣ್ಣನನ್ನು ಉಪನ್ಯಾಸಕ್ಕೆ ಕರೆದರು. ವೀಸಾ ಸಿಗಲಾರದು ಎಂದೇ ನಾವೆಲ್ಲ ಅಂದುಕೊಂಡಿದ್ದೆವು. ಸಿಕ್ಕಿಬಿಟ್ಟಿತು. ಸುದ್ದಿ ಊರಿಗೆ ಹಬ್ಬಿದ ಕೂಡಲೇ ಹೆರ್ಮೆಸ್ ಬರಗಾನ್ಯೊ ಬಂದ. ಊರ ತುಂಬ ಹಾಸಿಗೆ ಅಂಗಡಿಗಳಿದ್ದ ಮನುಷ್ಯ. ನಮ್ಮ ಹೊಸ ಗ್ರಂಥಾಲಯ ಕಟ್ಟಿಸಿಕೊಡುತ್ತೇನೆಂದು ಒಪ್ಪಿಕೊಂಡಿದ್ದ. ಕೂಗಾಡುತ್ತಾನೆ ಎಂದುಕೊಂಡಿದ್ದೆ. ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ಮಾತಾಡಿದ.

“ನೋಡು ಒವಿಡಿಯೊ, ನಿಮ್ಮಣ್ಣ ದೇವರಂಥವನೇ ಇರ್ಬಹುದು. ಆದ್ರೆ ನಮ್ಮಪ್ಪನ್ನ ಜೈಲಲ್ಲಿ ಕೊಳೆಸಿದ ಸರ್ಕಾರದ ಸಂಬಳ ತಿನ್ನೋನು. ಅವನು ವೇದಿಕೆ ಹತ್ತಿದ್ರೆ ನನ್ನ ಹೆಸರು ನಿಮ್ಮ ಗೋಡೆ ಮೇಲೆ ಬೇಡ.”

“ಅವನು ಮಾತಾಡೋದು ರೈಲಿನ ಬಗ್ಗೆ ಹೆರ್ಮೆಸ್. ಹೋದ ಶತಮಾನದ ರೈಲು.”

“ನಮ್ಮಪ್ಪನ್ನ ಕರ್ಕೊಂಡ್ ಹೋಗಿದ್ದೂ ರೈಲಲ್ಲೇ.”

ಹೆರ್ಮೆಸ್ ಕಾಫಿ ಮುಗಿಸಿ, ನನಗೂ ನಮಸ್ಕಾರ ಹೇಳಿ ಹೋದ. ಮಧ್ಯಾಹ್ನ ವಿಶ್ವವಿದ್ಯಾಲಯದ ಮೇಲಿನವರ ಫೋನು ಬಂತು. ನಿರ್ಧಾರ ನಿಮ್ಮದೇ, ನಾವು ಅಡ್ಡ ಬರುವುದಿಲ್ಲ ಎಂದರಂತೆ. ಒವಿಡಿಯೊ ಸೀಬೆಹಣ್ಣಿನ ಪಫ್ ಒಂದನ್ನು ಪೂರ್ತಿ ತಿಂದು, ಕೈ ಒರೆಸಿಕೊಂಡು, “ಸೊರೈದಾ, ಹವಾನಾಕ್ಕೆ ಲೈನ್ ಹಾಕು” ಅಂದರು.

ಆ ಕಾಲದ ಲೈನಿನಲ್ಲಿ ಎಲ್ಲರೂ ಕಿರುಚಿಯೇ ಮಾತಾಡಬೇಕು. ಅಣ್ಣನ ದನಿ ನನ್ನ ಮೇಜಿನವರೆಗೂ ಕೇಳುತ್ತಿತ್ತು.

“ಹೆರಿಬೆರ್ತೊ, ಈ ಸಲ ಆಗಲ್ಲ.”

“ವೀಸಾ ಬಂತಲ್ಲೋ ತಮ್ಮಾ!”

“ವೀಸಾ ಅಲ್ಲ. ನಮ್ಮ ಕಡೆಯಿಂದಾನೇ ಬೇಡ ಅಂತ ಆಗಿದೆ.”

“ನಮ್ಮ ಕಡೆ ಅಂದ್ರೆ ಯಾರೋ?”

“ನಾನೇ. ಡೀನ್ ನಾನೇ ಅಲ್ವಾ.”

ಅಣ್ಣ ನಕ್ಕ.

“ಹೋಗ್ಲಿ ಬಿಡು. ನಿನ್ನತ್ತಿಗೆ ಮಿರ್ತಾ ಅಂಗಿ ಇಸ್ತ್ರಿ ಮಾಡಿಟ್ಟಿದ್ದಾಳೆ. ಹಾಕ್ಕೊಂಡು ಬ್ರೆಡ್ಡಿನ ಕ್ಯೂಗೆ ಹೋಗ್ತೀನಿ. ಮಂತ್ರಿ ಬಂದ ಅಂತ ಮುಂದೆ ಬಿಟ್ರೂ ಬಿಡಬಹುದು.”

ಫೋನಿಟ್ಟ ಮೇಲೆ ಅವರು ಕೇಳಿದ್ದು, ಮುಂದಿನ ಸಭೆ ಯಾವುದರ ಬಗ್ಗೆ ಎಂದು. ಅಧ್ಯಾಪಕರ ಪಾರ್ಕಿಂಗ್ ಬಗ್ಗೆ ಅಂದೆ. ಎದ್ದು ಹೋದರು. ಸಭೆ ಚೆನ್ನಾಗಿಯೇ ನಡೆಸಿದರೆಂದು ಆಮೇಲೆ ಎಲ್ಲರೂ ಹೇಳಿದರು.

ಗ್ರಂಥಾಲಯ ಎದ್ದಿತು. ಹಿಂದೆ ದ್ರೋಹಿ ಎಂದಿದ್ದ ರೇಡಿಯೊ ಈಗ ಅವರನ್ನು ಬೆನ್ನೆಲುಬಿರುವ ಮನುಷ್ಯ ಎಂದಿತು. ಕಾರಿನಲ್ಲಿ ಅದನ್ನು ಕೇಳಿದಾಗ ಅವರು ಪರಿಚಯವಿಲ್ಲದ ಯಾರದೋ ಸುದ್ದಿ ಎಂಬಂತೆ ಕೂತಿದ್ದರು. ನಾನು ರೇಡಿಯೊ ಆರಿಸಿದೆ. ಅದೂ ಅವರಿಗೆ ಗೊತ್ತಾಗಲಿಲ್ಲ.

ಮೂರು ವರ್ಷಗಳ ಮೇಲೆ ಹೆರಿಬೆರ್ತೊ ಯಕೃತ್ತಿನ ಕಾಯಿಲೆಯಿಂದ ತೀರಿಕೊಂಡ. ಒವಿಡಿಯೊ ಹೋಗುವಷ್ಟರಲ್ಲಿ ಮಣ್ಣಾಗಿತ್ತು. ವಾಪಸು ಬಂದ ದಿನ ವಿಮಾನ ನಿಲ್ದಾಣಕ್ಕೆ ನಾನೇ ಹೋಗಿದ್ದೆ. ಅಲ್ಲಿ ಅತ್ತಿಗೆ ಹೇಳಿದ್ದನ್ನೆಲ್ಲ ಅವರು ದಾರಿಯಲ್ಲಿ ಸಭೆಯ ವರದಿ ಒಪ್ಪಿಸುವಂತೆ ಒಪ್ಪಿಸಿದರು.

“ಆ ಉಪನ್ಯಾಸ ಅವನು ಕೊಟ್ಟನಂತೆ.”

“ಯಾವ ಉಪನ್ಯಾಸ?”

“ನಾನು ರದ್ದು ಮಾಡಿದ್ದು. ಇಲ್ಲಿ ಕೊಡ್ಬೇಕಾಗಿದ್ದ ದಿನವೇ, ಮನೆ ಹಜಾರದಲ್ಲಿ. ಅಕ್ಕಪಕ್ಕದೋರೆಲ್ಲ ಅವರವರ ಕುರ್ಚಿ ತಂದಿದ್ರಂತೆ. ನಡುವೆ ಕರೆಂಟ್ ಹೋಯ್ತು, ಇವನು ನಿಲ್ಲಿಸ್ಲಿಲ್ಲ. ಕೊನೇಲಿ ಚಪ್ಪಾಳೆ ಹೊಡೆದ್ರಂತೆ.”

“ಏನ್ ಹೇಳಿದ್ರಂತೆ?”

“ನಾನೂ ಅದನ್ನೇ ಕೇಳ್ದೆ. ಮಿರ್ತಾ, ‘ಏನೋಪ್ಪಾ, ರೈಲು. ನಾನು ಅಡುಗೆಮನೇಲಿ ಕಾಫಿ ಸೋಸ್ತಿದ್ದೆ’ ಅಂದ್ಲು.”

ಸಿಗ್ನಲ್ ಹಸಿರಾಗಿತ್ತು. ಹಿಂದಿನವನು ಹಾರ್ನ್ ಬಾರಿಸಿದ. ನಾನು ಗಾಡಿ ಬಿಟ್ಟೆ.

“ಅತ್ರಾ ಡಾಕ್ಟರೇ?”

“ಇಲ್ಲ. ನಾನು ಅಳ್ತೀನಿ ಅಂತ ಪಾಪ ಅವಳು ಕಾಯ್ತಾ ಕೂತಿದ್ಲು. ಕರವಸ್ತ್ರ ಕೂಡ ತಂದು ಪಕ್ಕದಲ್ಲಿ ಇಟ್ಲು. ಅದರಲ್ಲಿ ಕನ್ನಡಕ ಒರೆಸ್ಕೊಂಡೆ.”

ಆ ವಸಂತದಲ್ಲಿ ಡೀನ್ ಹುದ್ದೆ ಬಿಟ್ಟರು. ಆರೋಗ್ಯವೇ, ಜಗಳವೇ ಎಂದು ಜನ ಏನೇನೋ ಊಹಿಸಿದರು. ಇವರು ಮಾತ್ರ ಪಾಠ ಮಾಡಬೇಕು ಎಂದಷ್ಟೇ ಹೇಳಿ ಕೆಳಗಿನ ಮಹಡಿಯ ಕಿಟಕಿಯಿಲ್ಲದ ಕೋಣೆಗೆ ಬಂದು ಕೂತರು. ಟಿವಿಯವರಿಗೆ ಬೇರೆಯವರ ನಂಬರು ಕೊಡಲು ನನಗೆ ಹೇಳಿದರು. ಪಾಠವನ್ನು ಒಮ್ಮೆಯೂ ತಪ್ಪಿಸಲಿಲ್ಲ. ಹುಡುಗರು ಅವರಿಗೆ ಹೆದರುತ್ತಲೂ ಇರಲಿಲ್ಲ, ಹಚ್ಚಿಕೊಂಡಿರಲೂ ಇಲ್ಲ.

ಇನ್ನೂ ಹತ್ತು ವರ್ಷ ಕಳೆದ ಮೇಲೆ, ಒವಿಡಿಯೊ ನಿವೃತ್ತಿಯ ಹೊಸ್ತಿಲಲ್ಲಿದ್ದಾಗ, ಹೊಸ ಡೀನ್ ಹವಾನಾದಿಂದ ಒಬ್ಬಾಕೆಯನ್ನು ಕರೆಸಿದಳು, ಡೋಲುಗಳ ಬಗ್ಗೆ ಮಾತಾಡಲು. ಹೆರ್ಮೆಸ್ ಆಗ ಬದುಕಿರಲಿಲ್ಲ. ಅವನು ಕಟ್ಟಿಸಿದ ಗ್ರಂಥಾಲಯದ ಸಭಾಂಗಣದಲ್ಲೇ ಕಾರ್ಯಕ್ರಮ. ಅತಿಥಿಗೆ ಹೂ ಕೊಟ್ಟವಳು ಅವನ ಮಗಳು. ಹೊರಗೆ ನಾಲ್ಕು ಜನ ಮುದುಕರು ಮಡಚುವ ಕುರ್ಚಿಗಳಲ್ಲಿ ಧಿಕ್ಕಾರದ ಹಲಗೆ ಹಿಡಿದು ಕೂತಿದ್ದರು. ಒಬ್ಬನಿಗೆ ನಿದ್ದೆ ಬಂದಿತ್ತು. ಒವಿಡಿಯೊ ಆ ಮುದುಕರನ್ನು ಕಂಡು ತಲೆಯಾಡಿಸಿದರು. ಅವರೂ ತಲೆಯಾಡಿಸಿದರು. ನಾವು ಹಿಂದಿನ ಸಾಲಿನಲ್ಲಿ ಕೂತು ಕೊನೆಯವರೆಗೂ ಕೇಳಿದೆವು.

“ಏನನ್ನಿಸ್ತು?” ಹೊರಗೆ ಬಂದ ಮೇಲೆ ಕೇಳಿದೆ.

“ಮೈಕ್ ಸರಿ ಇರ್ಲಿಲ್ಲ,” ಅಂದರು. “ನೀನು ಅಂಗಡಿಗೆ ಹೋಗ್ಬೇಕು ಅಂತಿದ್ಯಲ್ಲ?”

ಹೋದೆವು. ನಾನು ಈರುಳ್ಳಿ ಆರಿಸುತ್ತಿದ್ದೆ. ಅವರು ಕ್ಯೂಬಾದಲ್ಲಿ ಮನೆಮನೆಯಲ್ಲೂ ಬೇಯುವ ಮರಗೆಣಸಿನ ರಾಶಿಯ ಮುಂದೆ ನಿಂತು ಒಂದೊಂದನ್ನೇ ಎತ್ತಿ, ತೂಗಿ ನೋಡಿ, ಕೆಳಗಿಡುತ್ತಿದ್ದರು. ಬಹಳ ಹೊತ್ತು ಹಾಗೆಯೇ ನಿಂತಿದ್ದರು. ಹಿಂದೆ ಕಾಯುತ್ತಿದ್ದ ಹೆಂಗಸು, “ತಾತಾ, ತಗೊಳ್ತೀರೋ ಇಲ್ವೋ?” ಅಂದಳು. ಅವರು ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಟ್ಟರು.