ಹಂಡ ಒಂಟಿಯಾಗಿರಲು ಕಲಿತದ್ದು

ಕಾರ್ಖಾನೆಯ ಕ್ಯಾಂಟೀನ್ ಹಿಂದೆ ನಾಯಿಗಳನ್ನು ಬಡಿಯುವಾಗ ಭಾನುಪ್ರಿಯ ನಲ್ಲಿಯ ಹತ್ತಿರ ಊಟದ ಡಬ್ಬಿ ತೊಳೆಯುತ್ತಿದ್ದಳು. ಹಾರೋಹಳ್ಳಿ ಸುತ್ತಮುತ್ತ ಹೊಲಗಳಿಗೆ ಒಂದರ ಹಿಂದೊಂದು ಕಾಂಪೌಂಡ್ ಏಳುತ್ತಿದ್ದ ಕಾಲ ಅದು. ಅವಳು ಬಟ್ಟೆ ಹೊಲಿಯುತ್ತಿದ್ದ ಗಾರ್ಮೆಂಟ್ಸ್ ಕೂಡ ಹಾಗೆ ಎದ್ದದ್ದೇ. ಹೊಲದವರು ಹೊರಟುಹೋದರೂ ಹೊಲ ಕಾಯುತ್ತಿದ್ದ ನಾಯಿಗಳು ಮಾತ್ರ ಕಾಂಪೌಂಡಿನೊಳಗೇ ಉಳಿದುಬಿಟ್ಟಿದ್ದವು. ಬಟ್ಟೆ ಕೊಳ್ಳುವ ಹೊರದೇಶದ ಬೈಯರ್‌ಗಳು ನೋಡಲು ಬರುತ್ತಾರೆಂದು ಕಾಂಟ್ರಾಕ್ಟರ್ ಕೆಲವರ ಕೈಗೆ ಕಬ್ಬಿಣದ ಪೈಪು ಕೊಟ್ಟು, ಒಂದೂ ಉಳಿಯಬಾರದು ಎಂದಿದ್ದ.

ಚಿಂದಿ ಬಟ್ಟೆಯ ಮೂಟೆಗಳ ಸಂದಿಯಲ್ಲಿ ಒಂದು ಹೆಣ್ಣುನಾಯಿ ಮರಿ ಹಾಕಿತ್ತು. ಮೊದಲ ಏಟು ಅದರ ಸೊಂಟಕ್ಕೆ ಬಿತ್ತು. ಅದು ಓಡಲಿಲ್ಲ. ಮುಂಗಾಲಿನ ಮೇಲೆ ತೆವಳಿಕೊಂಡು ಮರಿಗಳ ಕಡೆಗೇ ಹೋಯಿತು. ಮುಂದಿನ ಏಟಿಗೆ ತಲೆ ಒಡೆಯಿತು. ಆಮೇಲೆ ಮರಿಗಳನ್ನು ಹಿಂಗಾಲು ಹಿಡಿದೆತ್ತಿ ಗೋಡೆಗೆ ಬೀಸಿದರು. ಎಲ್ಲರಿಗಿಂತ ಮುಂದೆ ನಿಂತು ಪೈಪು ಬೀಸುತ್ತಿದ್ದವನು ಕೆಂಪರಾಜು. ಲೋಡಿಂಗ್ ಕೆಲಸದವನು; ಭಾನುಪ್ರಿಯಳ ಪಕ್ಕದ ಮನೆಯಲ್ಲೇ ಬಾಡಿಗೆಗಿದ್ದವನು. ಅವಳು ನೋಡುತ್ತಿದ್ದಾಳೆಂದು ಅವನಿಗೆ ಗೊತ್ತಿರಲಿಲ್ಲ.

ಅವರು ಹೆಣ ಸಾಗಿಸಲು ತಳ್ಳುಗಾಡಿ ತರಲು ಹೋದಾಗ ಅವಳು ಹತ್ತಿರ ಹೋದಳು. ಸತ್ತ ತಾಯಿಯ ಹೊಟ್ಟೆಯ ಕೆಳಗೆ ಒಂದು ಮರಿ ಇನ್ನೂ ಮೊಲೆ ಕಚ್ಚಿಕೊಂಡಿತ್ತು. ಬಿಳಿಯ ಮೈಮೇಲೆ ಕಪ್ಪು ಮಚ್ಚೆ. ಕಿವಿಯ ತುಂಬ ತಾಯಿಯ ರಕ್ತ. ಡಬ್ಬಿಯ ಬ್ಯಾಗಿಗೆ ಹಾಕಿ ವೇಲು ಮುಚ್ಚಿ ಮೆಷಿನ್ನಿನ ಕೆಳಗಿಟ್ಟುಕೊಂಡಳು. ಸಂಜೆಯವರೆಗೂ ಅದು ಕಮಕ್ ಕಿಮಕ್ ಅನ್ನಲಿಲ್ಲ.

ಮೈಮೇಲಿನ ಮಚ್ಚೆ ನೋಡಿ ಅದಕ್ಕೆ ಹಂಡ ಎಂದು ಹೆಸರಿಟ್ಟಳು. ಅವಳ ಗಂಡ ಲೋಕೇಶ್ ಜಲ್ಲಿ ಟಿಪ್ಪರ್ ಓಡಿಸುತ್ತಿದ್ದ. ಶನಿವಾರ ಬಂದರೆ ಸೋಮವಾರ ಮತ್ತೆ ಹೋಗುತ್ತಿದ್ದ. ಮಕ್ಕಳಿರಲಿಲ್ಲ. ಮರಿಯನ್ನು ನೋಡಿ ಅವನು, "ಸಾಕ್ಕೊಳೆ, ನಿಂಗೂ ಜೊತೆಯಾಯ್ತದೆ" ಎಂದ.

ಅವಳು ಮನೆಯಲ್ಲಿದ್ದರೆ ಹಂಡನಂಥ ಸಾಧು ಮರಿ ಇನ್ನೊಂದಿರಲಿಲ್ಲ. ಬಾಗಿಲು ಹಾಕಿಕೊಂಡು ಹೊರಟರೆ ಮಾತ್ರ ಅದಕ್ಕೆ ಹುಚ್ಚು ಹಿಡಿದಂತಾಗುತ್ತಿತ್ತು. ಮೊದಲ ದಿನ ಸಂಜೆ ಬಂದಾಗ ಬಾಗಿಲ ಒಳಮೈ ತುಂಬ ರಕ್ತದ ಗೆರೆಗಳಿದ್ದವು. ಕೆರೆದು ಕೆರೆದು ಉಗುರು ಕಿತ್ತುಬಂದಿದ್ದವು. ಮೂಲೆಯಲ್ಲಿ ವಾಂತಿ. ತನ್ನ ಬಾಲವನ್ನು ತಾನೇ ಚರ್ಮ ಸುಲಿಯುವಷ್ಟು ಕಚ್ಚಿಕೊಂಡಿತ್ತು.

"ನೀನು ಆ ಕಡೆ ಹೋದ್ಯೋ ಇಲ್ವೋ, ಸುರು ಮಾಡ್ತು ಕಣವ್ವ" ಎಂದಳು ಮನೆಯ ಯಜಮಾನಿ ದೊಡ್ಡಲಕ್ಷ್ಮಮ್ಮ. ಒಂದೇ ಶೀಟಿನ ಮಾಡಿನ ಕೆಳಗೆ ಸಾಲಾಗಿ ಮನೆ ಕಟ್ಟಿಸಿ, ಕೊನೆಯದರಲ್ಲಿ ತಾನಿದ್ದ ಮುದುಕಿ ಆಕೆ. "ನಾಯಿ ಕೂಗ್ದಂಗಲ್ಲ. ಯಾರೋ ಮಗೀನ ಕುಯ್ತಾ ಅವ್ರೆ ಅನ್ಕೊಂಡೆ."

ಭಾನುಪ್ರಿಯ ಕಟ್ಟಿಹಾಕಿ ನೋಡಿದಳು. ಹಗ್ಗ ಕುತ್ತಿಗೆಗೆ ಬಿಗಿದು ನಾಲಗೆ ಹೊರಬಂದಿತ್ತು. ಒಂದು ಸಲ ಸಿಟ್ಟು ಬಂದು ಹೊಡೆದಳು. ಅದು ಅಲ್ಲೇ ಉಚ್ಚೆ ಹೊಯ್ದುಕೊಂಡು, ಅವಳ ಪಾದವನ್ನೇ ನೆಕ್ಕಿತು. ಆಮೇಲೆ ಅವಳು ಹೊಡೆಯಲಿಲ್ಲ.

ಅದನ್ನು ಗಮನಿಸುತ್ತಾ ಕೂತಾಗ ಒಂದು ಸಂಗತಿ ಹೊಳೆಯಿತು. ಬಾಗಿಲು ಮುಚ್ಚುವ ಮೊದಲೇ, ಅವಳು ಡಬ್ಬಿಯ ಬ್ಯಾಗು ಎತ್ತಿಕೊಂಡ ಕೂಡಲೇ, ಹಂಡ ನಡುಗಲು ಶುರುಮಾಡುತ್ತಿತ್ತು. ಅವತ್ತಿನಿಂದ ಸುಮ್ಮಸುಮ್ಮನೆ ಬ್ಯಾಗು ಎತ್ತಿಕೊಂಡು ಮತ್ತೆ ಒಲೆಯ ಮುಂದೆ ಕೂರತೊಡಗಿದಳು. ಚಪ್ಪಲಿ ಮೆಟ್ಟಿ ಸೊಪ್ಪು ಬಿಡಿಸಿದಳು. ನಡುಕ ಒಸಿ ಕಡಿಮೆಯಾದ ಮೇಲೆ ಬಾಗಿಲು ದಾಟಿ, ಅದು ಬಾಯಿ ತೆರೆಯುವ ಮೊದಲೇ ಒಳಗೆ ಬಂದಳು. ಮತ್ತೆ ಹೋದಳು, ಬಂದಳು. ಬಂದಾಗ ಎತ್ತಿ ಮುದ್ದಾಡದೆ, ಹೋಗಿದ್ದೇ ಸುಳ್ಳೆಂಬಂತೆ ಪಾತ್ರೆ ಎತ್ತಿಟ್ಟಳು. ಹೊರಡುವಾಗ ತೆಂಗಿನ ಕರಟದೊಳಗೆ ಮುದ್ದೆ ಅಮುಕಿ ಸಾರು ಸವರಿ ಮುಂದಿಡುತ್ತಿದ್ದಳು. ಮಲಗಲು ತನ್ನ ಬೆವರಿನ ವಾಸನೆಯ ಹಳೆಯ ನೈಟಿ ಹಾಸುತ್ತಿದ್ದಳು.

ಆದರೆ ಕಾರ್ಖಾನೆ ಇದಕ್ಕೆಲ್ಲ ಕಾಯುವುದಿಲ್ಲವಲ್ಲ. ಬೆಳಿಗ್ಗೆ ವ್ಯಾನ್ ಹಾರ್ನ್ ಮಾಡಿದರೆ ಹೋಗಲೇಬೇಕು. ಮನೆಯಲ್ಲಿದ್ದಾಗ ಕಲಿಸಿದ್ದನ್ನು ಆ ಹಾರ್ನ್ ಅಳಿಸಿಹಾಕುತ್ತಿತ್ತು.

ಕೆಂಪರಾಜುವನ್ನು ರಾತ್ರಿ ಪಾಳಿಗೆ ಹಾಕಿದ್ದರು. ಹಗಲು ಮಲಗಬೇಕಾದವನಿಗೆ ಗೋಡೆಯಾಚೆಯ ಕೂಗು ತಲೆಯೊಳಗೇ ಕೇಳುತ್ತಿತ್ತು. ಮೊದಲು ಗೋಡೆಗೆ ಗುದ್ದಿದ. ಆಮೇಲೆ ಭಾನುಪ್ರಿಯಳಿಗೆ, "ಅಕ್ಕಾ, ಅದುನ್ನ ಎಲ್ಲಾರ ಬುಟ್ಬುಡಿ. ಇಲ್ಲಾಂದ್ರೆ ನಾನೇ ಒಂದು ಗತಿ ಕಾಣಿಸ್ತೀನಿ" ಎಂದ.

"ಕಾಣ್ಸಿದ್ದು ನೋಡಿವ್ನಿ ಕಣಪ್ಪ, ಕ್ಯಾಂಟೀನ್ ಹಿಂದೆ" ಎಂದಳು ಅವಳು.

ಅವನ ಮುಖ ಕಪ್ಪಿಟ್ಟಿತು. ತಿರುಗಿ ಹೊರಟುಹೋದ.

ಅದಾದ ಮೇಲೆ ಒಂದು ಮಧ್ಯಾಹ್ನ ಅವನು ಪೈಪು ಹಿಡಿದು ಬಂದು ಅವಳ ಮನೆಯ ಚಿಲಕ ಒಡೆದ. ಸದ್ದಿಗೆ ದೊಡ್ಡಲಕ್ಷ್ಮಮ್ಮ ಓಡಿಬಂದಳು.

"ಯಾರ್ಲಾ ನನ್ನ ಮನೆ ಬಾಗ್ಲು ಒಡೀತಿರೋನು?"

"ಸರ್ಕೋ ಅಜ್ಜಿ. ಕಣ್ಣು ಮುಚ್ಚಕ್ಕಾಯ್ತಿಲ್ಲ ನಂಗೆ. ಇವತ್ತು ಅದುನ್ನ ಮುಗಿಸ್ಬುಡ್ತೀನಿ."

ದೊಡ್ಡಲಕ್ಷ್ಮಮ್ಮ ಅವನ ಅಂಗಿ ಹಿಡಿದು ಜಗ್ಗಿದಳು. ಅವನು ಕೊಡವಿದ. ಮುದುಕಿ ಜಗಲಿಯಿಂದ ಉರುಳಿ ಒರಳುಕಲ್ಲಿಗೆ ಹಣೆ ಬಡಿದುಕೊಂಡಳು. ಅವನು ತಿರುಗಿಯೂ ನೋಡಲಿಲ್ಲ. ಒಳಗೆ ಹಂಡ ಮಂಚದ ಕೆಳಕ್ಕೆ ನುಗ್ಗಿತು. ಪೈಪು ಹಾಕಿ ತಿವಿದ. ಹಿಂಗಾಲಿನ ಮೂಳೆ ಮುರಿದ ಸದ್ದು ಹೊರಗಿದ್ದ ಮುದುಕಿಗೂ ಕೇಳಿಸಿತು. ಎಳೆಯಲು ಕೈ ಹಾಕಿದಾಗ ಅದು ಅವನ ಹೆಬ್ಬೆರಳನ್ನು ಹಿಡಿಯಿತು. ಸೂಜಿಯಂಥ ಎಳೆಯ ಹಲ್ಲು ಮೂಳೆಯವರೆಗೂ ಇಳಿದವು. ಅವನು ಚೀರಿ ಕೈ ಒದರುತ್ತಿದ್ದಾಗ, ಮುಖದ ತುಂಬ ರಕ್ತ ಸುರಿಸಿಕೊಂಡೇ ಒಳಗೆ ಬಂದ ದೊಡ್ಡಲಕ್ಷ್ಮಮ್ಮ ಒನಕೆಯಿಂದ ಅವನ ಬೆನ್ನಿಗೆ ಬಾರಿಸಿದಳು. ಒಂದೇಟಲ್ಲ, ಅವನು ಮಂಡಿಯೂರುವವರೆಗೂ ಬಾರಿಸಿದಳು.

"ಏಳ್ಲಾ! ಎದ್ದು ಈಚೆಗೆ ಹೋಗು. ಇಲ್ಲಾಂದ್ರೆ ತಲೆ ಮ್ಯಾಲೆ ಹಾಕ್ಬುಡ್ತೀನಿ."

ಅವನು ತೆವಳಿಕೊಂಡು ಹೋದ.

ಮುದುಕಿಯ ಹಣೆಗೆ ಕನಕಪುರದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿದರು. ಹಂಡನ ಕಾಲಿಗೆ ಪಶುವೈದ್ಯರು ಬಿದಿರಿನ ಕಡ್ಡಿಯಿಟ್ಟು ಪಟ್ಟಿ ಸುತ್ತಿದರು. ಪೊಲೀಸರ ಹತ್ತಿರ ಹೋಗೋಣ ಎಂದಳು ಭಾನುಪ್ರಿಯ. "ನಾನೂ ಒನಕೇಲಿ ಬಾರ್ಸಿವ್ನಲ್ಲವ್ವ" ಎಂದು ಮುದುಕಿ ಬೇಡವೆಂದಳು.

ಶನಿವಾರ ಲೋಕೇಶ್ ಬಂದ. ಮುರಿದ ಚಿಲಕ, ಅಜ್ಜಿಯ ಹಣೆಯ ಬಟ್ಟೆ, ಪಟ್ಟಿ ಸುತ್ತಿದ ಮರಿ ನೋಡಿದ. ತಿರುಗಿ ಹೋಗಿ ಟಿಪ್ಪರ್‌ನಿಂದ ಜಾಕಿಯ ರಾಡು ತಂದ. ಕೆಂಪರಾಜುವಿನ ಬಾಗಿಲಿಗೆ ಒದ್ದ.

"ಈಚೆಗೆ ಬಾರ್ಲಾ ಬೋಳಿಮಗನೆ!"

ಮಲಗಿದ್ದವನನ್ನು ಕೂದಲು ಹಿಡಿದು ಅಂಗಳಕ್ಕೆಳೆದ. ರಾಡು ಮೊದಲು ತೊಡೆಗೆ ಬಿತ್ತು, ಆಮೇಲೆ ಪಕ್ಕೆಗೆ. ತಲೆಗೆ ಬೀಳುವುದನ್ನು ತಡೆಯಲು ಅವನು ಅಡ್ಡ ಹಿಡಿದ ಕೈ ಮೊಣಕೈಯ ಕೆಳಗೆ ಲಟಕ್ಕೆಂದು ಬಾಗಿತು. ಲೋಕೇಶ್ ನಿಲ್ಲಿಸಲಿಲ್ಲ. ಅವನ ಮುಖದಲ್ಲಿ ಸಿಟ್ಟಿನ ಜೊತೆಗೆ ಇನ್ನೇನೋ ಇತ್ತು; ಹೊಡೆಯುವುದು ಸುಲಭವಾಗುತ್ತಾ ಹೋದವನ ಮುಖ ಅದು. ಭಾನುಪ್ರಿಯ ಅದೇ ಮುಖವನ್ನು ಕ್ಯಾಂಟೀನಿನ ಹಿಂದೆ ಕಂಡಿದ್ದಳು. ಓಡಿಬಂದು ಕೆಂಪರಾಜುವಿನ ಮೇಲೆ ಬಿದ್ದಳು. ಬೀಸಿದ್ದ ರಾಡು ಅವಳ ಹೆಗಲಿಗೆ ತಾಗಿತು.

"ಬುಡ್ರೀ! ಸತ್ತೋಯ್ತಾನೆ! ಇವ್ನೂ ಹಿಂಗೇ ಹೊಡ್ದಿದ್ದು ಕಣ್ರೀ ಅವತ್ತು. ಇದೇ ಸದ್ದು ಬಂದಿದ್ದು. ಮೊದ್ಲು ಒಳಗೋಗಿ ಅದುನ್ನ ನೋಡಿ!"

ಹೆಂಡತಿಗೆ ಏಟು ಬಿದ್ದದ್ದು ಕಂಡು ಅವನ ಕೈಯಿಂದ ರಾಡು ಜಾರಿತು. ಒಳಗೆ ಹೋದ. ಹಂಡ ಮೂಲೆಗೆ ಮುಖ ಒತ್ತಿಕೊಂಡು, ಕಾಲಿನ ಪಟ್ಟಿಯನ್ನೆಲ್ಲ ಹರಿದುಹಾಕಿ, ಮುರಿದ ಕಾಲನ್ನೇ ಕಚ್ಚುತ್ತಿತ್ತು. ಅವನು ಹತ್ತಿರ ಹೋದಾಗ ನೆಲದ ಮೇಲೆ ಉಚ್ಚೆ ಹರಿಯಿತು. ಲೋಕೇಶ್ ಗೋಡೆಗೊರಗಿ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಆಮೇಲೆ ಎದ್ದು, ಕೆಂಪರಾಜುವನ್ನು ಅದೇ ಟಿಪ್ಪರ್‌ನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದ.

ಭಾನುಪ್ರಿಯ ಹೆಗಲ ನೋವಿಗೆಂದು ರಜೆ ಹಾಕಿ ಮತ್ತೆ ಮೊದಲಿನಿಂದ ಶುರುಮಾಡಿದಳು. ಬ್ಯಾಗು ಎತ್ತಿ ಇಳಿಸಿದಳು. ಹೊಸಿಲು ದಾಟಿ ಬಂದಳು. ನಲ್ಲಿಯವರೆಗೆ ಹೋಗಿ ಬಂದಳು, ಅಂಗಡಿಯವರೆಗೆ ಹೋಗಿ ಬಂದಳು. ಹಂಡ ಅತ್ತರೆ, ಮುಂದಿನ ಸಲ ಅದಕ್ಕಿಂತ ಕಡಿಮೆ ದೂರ. ದೊಡ್ಡಲಕ್ಷ್ಮಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ, "ಅವ್ಳು ಬತ್ತಾಳೆ ಕಣ್ಲಾ, ಎಲ್ಲಿಗೋದಾಳು" ಎಂದು ಬಾಗಿಲಿನ ಜೊತೆ ಮಾತಾಡುತ್ತಿದ್ದಳು. ಲೋಕೇಶ್ ಬಂದಾಗಲೆಲ್ಲ ದೂರದಲ್ಲಿ ನೆಲದ ಮೇಲೆ ಕೂತು ಮುದ್ದೆಯ ತುಣುಕು ಉರುಳಿಸುತ್ತಿದ್ದ. ಅದು ಅವನ ಹತ್ತಿರ ಬರಲು ತಿಂಗಳುಗಳೇ ಹಿಡಿದವು.

ಕೆಂಪರಾಜು ಕೈಗೆ ಬ್ಯಾಂಡೇಜು ಕಟ್ಟಿಸಿಕೊಂಡು, ಕೆಲಸವಿಲ್ಲದೆ ಹಗಲೆಲ್ಲ ಮನೆಯಲ್ಲೇ ಇದ್ದ. ಒಂದು ಸಂಜೆ ನಲ್ಲಿಯ ಹತ್ತಿರ ಸಿಕ್ಕ.

"ಅಕ್ಕಾ, ಕ್ಯಾಂಟೀನ್ ಹಿಂದೆ ಹೊಡ್ದಾಗಿಂದ ನಾನು ಸರಿಯಾಗಿ ಮಲಗಿಲ್ಲ. ಇದು ಕೂಗ್ದಾಗೆಲ್ಲ ಆ ಮರಿಗೋಳೇ ಕೂಗ್ದಂಗಾಯ್ತಿತ್ತು. ಅದ್ಕೆ..." ಬಿಂದಿಗೆಯನ್ನು ನಲ್ಲಿಯ ಕೆಳಗೆ ಸರಿಸಿದ. "ನನ್ನ ಕಂಡ್ರೆ ಹೆದ್ರೋದು ಯಾವಾಗ ಬುಡ್ತದೆ ಅದು?"

"ಬುಡಾಕಿಲ್ಲ ಕಣಪ್ಪ" ಎಂದಳು ಅವಳು. ತುಂಬಿದ ಬಿಂದಿಗೆ ಎತ್ತಲು ಅವನಿಗೆ ಒಂದೇ ಕೈಯಲ್ಲಿ ಆಗುತ್ತಿರಲಿಲ್ಲ. ಅವಳೇ ಎತ್ತಿ ಅವನ ಹೊಸಿಲಲ್ಲಿಟ್ಟು ಬಂದಳು. ಆ ತಿಂಗಳ ಕೊನೆಗೆ ಅವನು ಮನೆ ಖಾಲಿ ಮಾಡಿ ಮಾಗಡಿಯ ಕಡೆ ತನ್ನೂರಿಗೆ ಹೋದ.

ಭಾನುಪ್ರಿಯ ಕೆಲಸಕ್ಕೆ ಮರಳಿದಳು. ಮೊದಮೊದಲು ಹಂಡ ಒಸಿ ಹೊತ್ತು ಕುಂಯ್‌ಗುಟ್ಟುತ್ತಿತ್ತು. ಆಮೇಲಾಮೇಲೆ ಬಾಗಿಲ ಮೇಲೆ ಹೊಸ ಗೀರು ಬೀಳುವುದು ನಿಂತಿತು. ಮಳೆ ಹಿಡಿದಿದ್ದ ಒಂದು ಸಂಜೆ ಅವಳು ವ್ಯಾನ್ ಇಳಿದು ನೆನೆಯುತ್ತಾ ಬಂದಾಗ ದೊಡ್ಡಲಕ್ಷ್ಮಮ್ಮ ಜಗಲಿಯಿಂದಲೇ ಕೂಗಿದಳು:

"ಇವತ್ತು ಅದು ಸೊಲ್ಲೇ ಎತ್ನಿಲ್ಲ ಕಣವ್ವ. ಬದುಕೈತೋ ಇಲ್ವೋ ಅಂತ ನಾನೇ ಕಿಟಕೀಲಿ ಇಣುಕಿ ಇಣುಕಿ ನೋಡ್ದೆ."

ಬಾಗಿಲು ತೆಗೆದಳು. ನೈಟಿಯ ಮೇಲೆ ಅಂಗಾತ ಮಲಗಿದ್ದ ಹಂಡ ಒಂದು ಕಣ್ಣು ತೆರೆದು ನೋಡಿ, ಉದ್ದಕ್ಕೆ ಆಕಳಿಸಿ, ಸೊಟ್ಟಗೆ ಕೂಡಿಕೊಂಡಿದ್ದ ಕಾಲನ್ನು ಕುಂಟಿಸುತ್ತಾ ಎದ್ದು ಬಂತು.